‘ಇದ್ದಿದ್ದರೆ’ ಎಂಬ ತರ್ಕ: ಮುಂಬಯಿ ಬಂದರಿನ ಸ್ಫೋಟ ಮತ್ತು ಕಾರಣದ ಪ್ರಶ್ನೆ

ಒಂದು ಆಯುಧವು ಸೇನೆಯ ಕೈಗೆ ಒಂದೆರಡು ವರ್ಷ ಮೊದಲೇ ಬಂದಿದ್ದರೆ ಯುದ್ಧದ ಗತಿ ಹೇಗಿರುತ್ತಿತ್ತು ಎಂಬ ಊಹೆ ಯುದ್ಧಚರಿತ್ರೆಯ ಆಸಕ್ತರಿಗೆ ಬಲು ಪ್ರಿಯವಾದದ್ದು. ಈ ಊಹೆಗೆ ಪದೇಪದೇ ವಸ್ತುವಾಗುವ ಆಯುಧಗಳಲ್ಲಿ ಸ್ವೀಡನ್ನಿನ ಬೋಫೋರ್ಸ್ ಸಂಸ್ಥೆಯ 40 ಮಿಲಿಮೀಟರ್ ವಿಮಾನವಿರೋಧಿ ತೋಪು ಒಂದು. (ಭಾರತೀಯರಿಗೆ ಆ ಹೆಸರು ನೆನಪಿಸುವುದು 1986ರ ಹೊವಿಟ್ಜರ್ ಒಪ್ಪಂದವನ್ನು, ಈ ತೋಪು ಅದಕ್ಕಿಂತ ಅರ್ಧ ಶತಮಾನ ಹಿಂದಿನದು.) ನಿಮಿಷಕ್ಕೆ ಸುಮಾರು 120 ಗುಂಡುಗಳನ್ನು ಹಾರಿಸಬಲ್ಲ ಇದನ್ನು ಬ್ರಿಟನ್ 1937ರಲ್ಲಿ ಕೊಳ್ಳತೊಡಗಿತು. ಅಮೆರಿಕದ ನೌಕಾಪಡೆ ತಯಾರಿಕೆಯ ಪರವಾನಗಿ ಪಡೆದದ್ದು 1941ರ ನಡುವಿನಲ್ಲಿ, ಆದ್ದರಿಂದ ಆ ವರ್ಷದ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರಿನ ಯುದ್ಧನೌಕೆಗಳ ಮೇಲೆ ಅದು ಇರಲಿಲ್ಲ. ಇದ್ದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಸೇನಾನಿಗಳು ಕೊಡಬಹುದಾದ ಉತ್ತರ ಬೇರೆ; ನಡೆಯದ ಸಂಗತಿಯ ಬಗೆಗೆ ಏನನ್ನಾದರೂ ತಿಳಿಯಲು ಸಾಧ್ಯವೇ ಎಂಬುದು ಮಾತ್ರ ತತ್ತ್ವಶಾಸ್ತ್ರದ ಪ್ರಶ್ನೆ.

ನ್ಯಾಯದರ್ಶನವು ಇಂಥ ಊಹೆಗೆ ‘ತರ್ಕ’ ಎಂಬ ಸ್ಥಾನ ಕೊಟ್ಟಿದೆ. ಬೆಟ್ಟದಲ್ಲಿ ಬೆಂಕಿ ಇರದಿದ್ದರೆ ಹೊಗೆಯೂ ಇರುತ್ತಿರಲಿಲ್ಲ ಎಂಬಲ್ಲಿ, ಸುಳ್ಳೆಂದು ತಿಳಿದೇ ಒಂದನ್ನು ಬೇಕೆಂದು ಆರೋಪಿಸಿ, ಅದರಿಂದ ಒಪ್ಪಲಾಗದ ಫಲವೊಂದು ಒದಗುತ್ತದೆಂದು ತೋರಿಸಲಾಗುತ್ತದೆ. ಬೇಕೆಂದೇ ಮಾಡುವ ಈ ಆರೋಪಕ್ಕೆ ‘ಆಹಾರ್ಯ’ವೆಂದು ಹೆಸರು. ನೈಯಾಯಿಕರ ಮತದಲ್ಲಿ ತರ್ಕವು ತಾನೇ ಪ್ರಮಾಣ, ಅಂದರೆ ಜ್ಞಾನದ ಸಾಧನ, ಅಲ್ಲ; ಸಂಶಯ ಕಳೆದು ಪ್ರಮಾಣಕ್ಕೆ ನೆರವಾಗುವಂಥದ್ದು. ‘ತರ್ಕತಾಂಡವ’ದ ಕರ್ತೃ ವ್ಯಾಸತೀರ್ಥರ ದ್ವೈತಪರಂಪರೆಯಾದರೋ ಅದನ್ನು ಅನುಮಾನವೆಂಬ ಪ್ರಮಾಣದೊಳಗೇ ಸೇರಿಸುತ್ತದೆ. ಆದರೆ ಹೊಗೆಯಂಥ ಹೇತುವಿಗೂ ಬೆಂಕಿಯಂಥ ಸಾಧ್ಯಕ್ಕೂ ತಪ್ಪದ ಸಂಬಂಧ, ಅಂದರೆ ವ್ಯಾಪ್ತಿ, ಇರಬೇಕೆಂಬುದರಲ್ಲಿಯೂ, ತೋರಿಸಿದ ಫಲ ಎದುರಾಳಿಗೆ ಇಷ್ಟವೇ ಆಗಿಬಿಟ್ಟರೆ ತರ್ಕ ಕೆಡುತ್ತದೆಂಬುದರಲ್ಲಿಯೂ ಭೇದವಿಲ್ಲ. ಈ ಎರಡನೆಯ ದೋಷಕ್ಕೆ ‘ಇಷ್ಟಾಪತ್ತಿ’ ಎನ್ನುತ್ತಾರೆ. ಆಯುಧದ ಕಲ್ಪಿತ ಇತಿಹಾಸಗಳು ಎಡವುವುದು ಇಲ್ಲಿಯೇ. ಅವು ಒಪ್ಪಲಾಗದ ಫಲದತ್ತ ನಡೆಯದೆ ಬಯಸಿದ ಗೆಲುವಿನತ್ತ ಹರಿಯುವುದರಿಂದ, ತರ್ಕದ ವೇಷ ತೊಟ್ಟ ಹಂಬಲಗಳಾಗಿ ಉಳಿಯುತ್ತವೆ.

ತೋಪಿನ ಅಭಾವವೇ ಪರ್ಲ್ ಹಾರ್ಬರಿನಂಥ ಅನಾಹುತಕ್ಕೆ ಕಾರಣವೆಂಬ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ, ಏಕೆಂದರೆ ನ್ಯಾಯದರ್ಶನದ ನಂತರದ ಶಾಖೆಯಾದ ನವ್ಯನ್ಯಾಯವು ಪ್ರತಿಬಂಧಕದ, ಅಂದರೆ ತಡೆಯೊಡ್ಡುವ ವಸ್ತುವಿನ, ಅಭಾವವನ್ನೂ ಕಾರಣವೆಂದು ಎಣಿಸುತ್ತದೆ. ಮಣಿಯೊಂದು ಬಳಿಯಿದ್ದರೆ ಬೆಂಕಿ ಸುಡದೆಂಬ ನಂಬಿಕೆಯನ್ನು ಆಧರಿಸಿದ ಶಾಸ್ತ್ರದ ಉದಾಹರಣೆ ಪ್ರಸಿದ್ಧವಾದದ್ದು. ಆದರೆ ಅಭಾವ ಕಾರಣವಾಗಬೇಕಾದರೆ ವಸ್ತುವಿನ ಸನ್ನಿಧಿ ನಿಜಕ್ಕೂ ತಡೆಯುತ್ತದೆಂದು ಮೊದಲು ಸಿದ್ಧವಾಗಬೇಕು. 1940ರ ಶರತ್ಕಾಲದಲ್ಲಿ ಲಂಡನ್ನಿನ ತೋಪುಗಳು ಒಂದು ವಿಮಾನವನ್ನು ಕೆಡವಲು ಸಾವಿರಾರು ಗುಂಡುಗಳನ್ನು ವ್ಯಯಿಸಿದವು. 1944ರ ಬೇಸಿಗೆಯಲ್ಲಿ ಹಾರುವ ಬಾಂಬುಗಳ ಎದುರು ಹೆಚ್ಚಿನ ಯಶಸ್ಸು ಸಿಕ್ಕಿದ್ದು ರೇಡಾರ್, ಗುರಿಯನ್ನು ಲೆಕ್ಕಹಾಕುವ ಯಂತ್ರ, ಗುರಿಯ ಸಮೀಪದಲ್ಲಿ ತಾನೇ ಸಿಡಿಯುವ ಫ್ಯೂಜ್ ಇವೆಲ್ಲ ತೋಪಿನೊಡನೆ ಕೂಡಿದ ಮೇಲೆ. ಫಲವನ್ನು ಕೊಡುವುದು ಒಂದು ಕಾರಣವಲ್ಲ, ಕಾರಣಸಾಮಗ್ರಿ, ಅಂದರೆ ಕಾರಣಗಳ ಪೂರ್ಣ ಕೂಟ.

ಮುಂಬಯಿಯ ಯುದ್ಧಕಾಲದ ಅನುಭವದಲ್ಲಿ ಈ ವಿವೇಚನೆಗೆ ಕಠಿಣವಾದ ಪರೀಕ್ಷೆ ಒದಗುತ್ತದೆ. 1942ರ ಏಪ್ರಿಲಿನಲ್ಲಿ ಕೊಲಂಬೊ, ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಜಪಾನಿನ ಬಾಂಬುಗಳು ಬಿದ್ದ ಮೇಲೆ ಈ ನಗರವೂ ದೀಪ ಮುಚ್ಚಿ ಆಕಾಶವನ್ನು ಕಾಯಿತು. ವಿಮಾನವಿರೋಧಿ ರಕ್ಷಣೆಯೂ ಬಂದಿತು. ವಿನಾಶ ಮಾತ್ರ 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕಿನ್ ಹಡಗಿನ ಒಡಲಿನಿಂದ ಹೊರಟಿತು. ಸುಮಾರು 1,400 ಟನ್ ಸ್ಫೋಟಕ, ಚಿನ್ನದ ಗಟ್ಟಿಗಳು ಮತ್ತು ಕರಾಚಿಯಲ್ಲಿ ತುಂಬಿಸಿದ ಹತ್ತಿಯ ಬೇಲುಗಳು ಒಂದೇ ಹಡಗಿನಲ್ಲಿದ್ದವು. ಮಧ್ಯಾಹ್ನ ಹತ್ತಿಗೆ ಹತ್ತಿದ ಬೆಂಕಿ ಆರದೆ, ನಾಲ್ಕು ಗಂಟೆಯ ತರುವಾಯ ಅರ್ಧ ಗಂಟೆಯ ಅಂತರದಲ್ಲಿ ಎರಡು ಸ್ಫೋಟಗಳಾದವು. ಶಿಮ್ಲಾದ ಭೂಕಂಪಮಾಪಕವೂ ಆ ಅದುರನ್ನು ದಾಖಲಿಸಿತು. ನೂರಾರು ಜನ ಸತ್ತರು. ಅವರಲ್ಲಿ 66 ಮಂದಿ ಅಗ್ನಿಶಾಮಕ ಸಿಬ್ಬಂದಿ. ಜಪಾನಿನ ದಾಳಿಯೆಂದೇ ಊರಿನಲ್ಲಿ ಗುಲ್ಲೆದ್ದಿತು.

ಈ ಬಂದರಿಗೆ ಇನ್ನಷ್ಟು ತೋಪುಗಳು ಇನ್ನೂ ಮೊದಲೇ ಬಂದಿದ್ದರೆ ಎಂದು ಕಲ್ಪಿಸಿದರೂ ಫಲದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ತೋರದು. ಕುಂಬಾರನ ಮಣ್ಣು ಹೊತ್ತು ತಂದ ಕತ್ತೆ ಮಡಕೆಗೆ ಕಾರಣವಲ್ಲ, ‘ಅನ್ಯಥಾಸಿದ್ಧ’, ಅಂದರೆ ಅದಿಲ್ಲದೆಯೂ ಕಾರ್ಯ ನಡೆಯುತ್ತದೆ ಎಂದು ಶಾಸ್ತ್ರಕಾರರು ಹೇಳುವಂತೆ, ತೋಪಿನ ಕೊರತೆಯೂ ಇಲ್ಲಿ ಲೆಕ್ಕಕ್ಕೆ ಬಾರದು. ಅಪಾಯಸೂಚಕ ಕೆಂಪು ಬಾವುಟ ಹಾರಿಸದಿದ್ದುದು, ಸ್ಫೋಟಕಗಳನ್ನು ದೂರದ ನೀರಿನಲ್ಲಿ ದೋಣಿಗಳಿಗೆ ಇಳಿಸಿಕೊಳ್ಳದೆ ಹಡಗನ್ನು ಊರಿನ ಮಗ್ಗುಲಿಗೆ ತಂದು ಕಟ್ಟಿದ್ದು, ಅದನ್ನು ಮುಳುಗಿಸಬೇಕೆ ಹೊರಗೆ ಎಳೆದೊಯ್ಯಬೇಕೆ ಎಂದು ನಿರ್ಧರಿಸದೆ ಕಳೆದ ಎರಡು ಗಂಟೆ ಇವು ಹಾಗಲ್ಲ. ಹಡಗು ದೂರದಲ್ಲಿ ನಿಂತಿದ್ದರೂ ಮಾಂಡ್ವಿ, ಮಸ್ಜಿದ್ ಬಂದರುಗಳ ಓಣಿಗಳು ಹೊತ್ತಿ ಉರಿಯುತ್ತಿದ್ದವೆಂದು ಯಾರೂ ಒಪ್ಪಲಾರರು. ಒಪ್ಪಲಾಗದ ಫಲದಲ್ಲಿ ಕೊನೆಗೊಳ್ಳುವ ಈ ತರ್ಕ ಶುದ್ಧವಾದದ್ದು, ಹೊಣೆಯನ್ನೂ ಅದು ಗೊತ್ತುಮಾಡುತ್ತದೆ.

ಸತ್ತವರ ಪ್ರಾರಬ್ಧ, ಅಂದರೆ ಫಲಕೊಡತೊಡಗಿದ ಹಿಂದಿನ ಕರ್ಮ, ಹಾಗಿತ್ತೆಂಬ ಸಮಾಧಾನವನ್ನು ಇಲ್ಲಿ ತಂದರೆ ಈ ಲೋಪಗಳೆಲ್ಲ ಕುಂಬಾರನ ಕತ್ತೆಯ ಸಾಲಿಗೆ ಸೇರಿಬಿಡುತ್ತವೆ. ಗೀತೆಯ ಹದಿನೆಂಟನೆಯ ಅಧ್ಯಾಯ ಕರ್ಮಕ್ಕೆ ಹೇಳುವ ಐದು ಕಾರಣಗಳಲ್ಲಿ ದೈವವು ಐದನೆಯದು ಮಾತ್ರ; ಕರ್ತೃವೂ ಕರಣಗಳೂ ಚೇಷ್ಟೆಯೂ ಅದರ ಜೊತೆಗೇ ಎಣಿಕೆಯಾಗಿರುವುದರಿಂದ, ದೈವದ ಹೆಸರಿನಲ್ಲಿ ಉಳಿದವನ್ನು ಅಳಿಸಲು ಆ ಗ್ರಂಥದಲ್ಲಿ ಅನುಮತಿ ಕಾಣುವುದಿಲ್ಲ. ಹಾಗೆಂದು ‘ಇದ್ದಿದ್ದರೆ’ ಎಂಬ ಅಳತೆ ಎಲ್ಲಕ್ಕೂ ಒಗ್ಗುವುದೂ ಇಲ್ಲ. ಹಡಗಿನ ಬೆಂಕಿಗೆ ನೀರು ಹಾಯಿಸಿದವರು ಅಲ್ಲಿಗೆ ಹೋಗದೆ ಇದ್ದಿದ್ದರೂ ಸ್ಫೋಟ ಆಗುತ್ತಲೇ ಇತ್ತು, ಅವರು ಮಾತ್ರ ಬದುಕುತ್ತಿದ್ದರು. ಕಾರಣದ ಲೆಕ್ಕದಲ್ಲಿ ಅವರ ಶ್ರಮಕ್ಕೆ ಫಲವಿಲ್ಲ. ಆದರೂ ದೇಶವು ಏಪ್ರಿಲ್ 14ರಿಂದ ಅಗ್ನಿಶಾಮಕ ಸೇವಾ ಸಪ್ತಾಹವನ್ನು ಆಚರಿಸುವುದು ಅವರ ನೆನಪಿಗಾಗಿ, ಮತ್ತು ಅದರಲ್ಲಿ ತರ್ಕದೋಷವೇನೂ ಇಲ್ಲ, ಏಕೆಂದರೆ ತರ್ಕವು ಪರೀಕ್ಷಿಸುವುದು ಕಾರ್ಯಕಾರಣಗಳ ನಂಟನ್ನು. ಕರ್ತವ್ಯವನ್ನು ಗೊತ್ತುಮಾಡಲು ಮೀಮಾಂಸಕರು ಹಿಡಿದದ್ದು ವಿಧಿಯನ್ನು, ಅಂದರೆ ಶಾಸ್ತ್ರದ ಆಜ್ಞೆಯನ್ನು, ನಡೆಯದೆ ಹೋದ ಫಲವನ್ನಲ್ಲ.