ಪೋಷಕರ ಸಹಿ

ನೆರಿಯದ ನಮ್ಮ ಇಗರ್ಜಿಯಲ್ಲಿ ಭಾನುವಾರ ಕುರ್ಬಾನ ಮುಗಿದ ಮೇಲೆ ಮಕ್ಕಳಿಗೆ ಧರ್ಮೋಪದೇಶದ ತರಗತಿ ಇರುತ್ತದೆ. ಕಳೆದ ಜೂನಿನ ಒಂದು ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತಿದ್ದ ಮಗಳು ಕೇಳಿದಳು, "ನಾನು ಕ್ಲಾಸಿಗೆ ಹೋಗದಿದ್ದರೆ ಏನಾಗುತ್ತದೆ?" ಅವಳಿಗೆ ಹದಿನಾಲ್ಕು. ಹೊರಗೆ ಜೋರು ಮಳೆ, ಆಗಲೇ ತಡವಾಗಿತ್ತು. "ಏನೂ ಆಗುವುದಿಲ್ಲ, ಆದರೆ ಹೋಗಬೇಕು" ಎಂದೆ. ಆಡಿದ ಮೇಲೆ ಆ ಮಾತು ನನಗೇ ವಿಚಿತ್ರವಾಗಿ ಕೇಳಿಸಿತು.

ಯಾಕೆಂದರೆ ಅದೇ ವಾರ, ನಾನು ಪಾಠ ಮಾಡುವ ಶಾಲೆಯ ಶಿಕ್ಷಕರ ಸಭೆಯಲ್ಲಿ ಇದಕ್ಕೆ ಪೂರಾ ವಿರುದ್ಧವಾದದ್ದನ್ನು ವಾದಿಸಿದ್ದೆ. ಅದು ಚರ್ಚಿನವರು ನಡೆಸುವ ಶಾಲೆ. ಹೆಚ್ಚಿನ ಮಕ್ಕಳು ಹಿಂದೂಗಳು, ಬ್ಯಾರಿ ಮಕ್ಕಳೂ ಇದ್ದಾರೆ. ಬೆಳಗಿನ ಪ್ರಾರ್ಥನೆಯಲ್ಲಿ ಒಬ್ಬ ಹುಡುಗ ಕೈ ಜೋಡಿಸುವುದಿಲ್ಲ ಎಂದು ದೂರು ಬಂದಿತ್ತು. "ಅವನು ಗಲಾಟೆ ಮಾಡುತ್ತಿಲ್ಲ, ಸುಮ್ಮನೆ ನಿಂತಿದ್ದಾನೆ, ಬಿಡಿ" ಎಂದೆ. "ಪೋಷಕರು ಒಪ್ಪಿಯೇ ಸೇರಿಸಿದ್ದಲ್ಲವಾ?" ಎಂದರು ಒಬ್ಬರು. ಚಹಾ ಬಂತು, ಸಭೆ ತೀರ್ಮಾನವಿಲ್ಲದೆ ಮುಗಿಯಿತು. ಆ ಪ್ರಶ್ನೆ ಮಾತ್ರ ನನ್ನ ಜೊತೆ ಮನೆಗೆ ಬಂತು.

ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಾದ ನಮಗೆ ಶಾಲೆ ಕಟ್ಟುವ, ನಡೆಸುವ ಹಕ್ಕು ಕೊಟ್ಟಿದೆ. ಅದನ್ನು ನಮ್ಮವರೆಲ್ಲ ಬಾಯಿಪಾಠ ಹೇಳುತ್ತಾರೆ. ಅದಕ್ಕೂ ಮುಂಚೆ ಬರುವ 28ನೇ ವಿಧಿಯ ಮೂರನೆಯ ಉಪವಿಧಿಯನ್ನು ಹೇಳುವವರು ಕಡಿಮೆ. ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗಾಗಲಿ ಆರಾಧನೆಗಾಗಲಿ ಕಡ್ಡಾಯ ಮಾಡುವಂತಿಲ್ಲ. ಓದುವವರು ಅಪ್ರಾಪ್ತರಾಗಿದ್ದರೆ ಪೋಷಕರ ಒಪ್ಪಿಗೆ ಬೇಕು. ಗಮನಿಸಿ, ಇಲ್ಲಿ ಕೇಳಿರುವುದು ಒಪ್ಪಿಗೆಯನ್ನು. ಆಕ್ಷೇಪ ಬರಲಿಲ್ಲ ಎಂದ ಮಾತ್ರಕ್ಕೆ ಒಪ್ಪಿಗೆ ಸಿಕ್ಕಂತಾಗುವುದಿಲ್ಲ.

2022ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕ್ಲಾರೆನ್ಸ್ ಹೈಸ್ಕೂಲಿನ ಪ್ರವೇಶ ಅರ್ಜಿ ಸುದ್ದಿಯಾದಾಗ ಈ ವ್ಯತ್ಯಾಸ ನನಗೆ ಹೊಳೆದಿರಲಿಲ್ಲ. ಮಗು ಬೈಬಲ್ ಮತ್ತು ಭಕ್ತಿಗೀತೆಗಳ ಪುಸ್ತಕ ತರುವುದಕ್ಕೆ ಆಕ್ಷೇಪಿಸುವುದಿಲ್ಲ ಎಂದು ಪೋಷಕರು ಅದರಲ್ಲಿ ಸಹಿ ಹಾಕಬೇಕಿತ್ತು. ಹಿಂದೂ ಸಂಘಟನೆಗಳು ವಿರೋಧಿಸಿದವು. ನನಗೆ ಸಿಟ್ಟು ಬಂದದ್ದು ವಿರೋಧಿಸಿದವರ ಮೇಲೆ. ಹಿಂದಿನ ತಿಂಗಳಷ್ಟೇ ಆಗಿನ ಶಿಕ್ಷಣ ಸಚಿವ ಬಿ.ಸಿ. ನಾಗೇಶ್ ಶಾಲೆಗಳಲ್ಲಿ ಭಗವದ್ಗೀತೆ ಕಲಿಸುವ ಮಾತಾಡಿದ್ದರು, ಹೈಕೋರ್ಟು ತರಗತಿಯಲ್ಲಿ ಹಿಜಾಬ್ ನಿಷೇಧವನ್ನು ಎತ್ತಿಹಿಡಿದಿತ್ತು. ಅಂಥ ಹೊತ್ತಿನಲ್ಲಿ ನಮ್ಮ ಕಡೆ ಬೆರಳು ತೋರಿಸುವವರ ನಿಯತ್ತು ನನಗೆ ಅನುಮಾನವೇ ಆಗಿತ್ತು. ಈಗಲೂ ಆಗಿದೆ. ಆದರೆ ಕೇಳಿದವರು ಯಾರು ಎನ್ನುವುದನ್ನು ಬದಿಗಿಟ್ಟು ಪ್ರಶ್ನೆಯನ್ನಷ್ಟೇ ನೋಡಿದರೆ, ಸೀಟು ಬೇಕಾದ ತಂದೆತಾಯಿ ಆ ಸಾಲಿನ ಕೆಳಗೆ ಸಹಿ ಹಾಕದೆ ಇನ್ನೇನು ಮಾಡಿಯಾರು? 'ಇಲ್ಲ' ಎನ್ನಲು ಜಾಗವೇ ಇಲ್ಲದ ಅರ್ಜಿಯಲ್ಲಿ 'ಹೌದು' ಎಂಬುದಕ್ಕೆ ಏನು ಅರ್ಥ?

ಆ ಜಾಗ ಇದ್ದರೂ ಸಾಲದು ಎಂಬುದು ನನಗೆ ಸ್ವಂತ ಅನುಭವದಿಂದ ಗೊತ್ತು. ನಾನು ಓದಿದ್ದು ಸರಕಾರಿ ಶಾಲೆಯಲ್ಲಿ. ಕೇರಳದಿಂದ ಬಂದು ರಬ್ಬರ್ ಹಾಕಿದ ಮನೆಯವಳು, ತರಗತಿಯಲ್ಲಿ ನಾವು ಕ್ರಿಶ್ಚಿಯನ್ನರು ಮೂವರೇ. ನವರಾತ್ರಿಗೆ ಶಾರದಾ ಪೂಜೆ. ಟೀಚರು ಬಹಳ ಒಳ್ಳೆಯವರು, ಯಾರನ್ನೂ ಒತ್ತಾಯಿಸಿದವರಲ್ಲ. ಆದರೆ ಆರತಿ ತಟ್ಟೆ ಸಾಲಿನಲ್ಲಿ ಹತ್ತಿರ ಹತ್ತಿರ ಬರುತ್ತಿದ್ದಾಗ ನನ್ನ ಕಿವಿ ಬಿಸಿಯಾಗುತ್ತಿತ್ತು. ಬೇಡ ಎನ್ನಬಹುದಿತ್ತು, ಯಾರೂ ಬೈಯುತ್ತಿರಲಿಲ್ಲ. ಆದರೆ ಅಷ್ಟೂ ಮಕ್ಕಳು ತಿರುಗಿ ನೋಡುತ್ತಿದ್ದರು. ಆರತಿ ತೆಗೆದುಕೊಂಡೆ, ಕುಂಕುಮ ಇಟ್ಟುಕೊಂಡೆ, ಮನೆ ಸೇರುವ ಮೊದಲು ತೋಡಿನ ನೀರಲ್ಲಿ ಹಣೆ ತೊಳೆದುಕೊಂಡೆ. (ಪಂಚಕಜ್ಜಾಯ ಮಾತ್ರ ದಾರಿಯಲ್ಲೇ ಖಾಲಿಯಾಗಿತ್ತು.) ಅಮ್ಮನಿಗೆ ಹೇಳಲಿಲ್ಲ. ದೇವರಿಗೆ ಸಿಟ್ಟು ಬಂದಿರಬಹುದೇ ಎಂಬ ಹೆದರಿಕೆಗಿಂತ, ಶಾಲೆಯಲ್ಲಿ ಒಬ್ಬಳು ಮನೆಯಲ್ಲಿ ಇನ್ನೊಬ್ಬಳು ಆದೆನಲ್ಲ ಎಂಬ ಸಂಕಟವೇ ಹೆಚ್ಚಾಗಿತ್ತು. ಕೈ ಜೋಡಿಸದ ಆ ಹುಡುಗನಿಗೆ ನನಗಿಲ್ಲದ ಧೈರ್ಯ ಇದೆ. ಸಭೆಯಲ್ಲಿ ನಾನು ಅವನ ಪರ ನಿಂತದ್ದು ಸಂವಿಧಾನ ಓದಿಕೊಂಡಿದ್ದರಿಂದಲ್ಲ, ಆ ತೋಡಿನ ನೆನಪಿನಿಂದ.

ಕ್ರೈಸ್ತ ಮಕ್ಕಳೇ ಹಾಗೆ ನಿಂತ ಮೊಕದ್ದಮೆಯೊಂದಿದೆ. ಕೇರಳದಲ್ಲಿ ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಬಿಜೋ ಇಮ್ಯಾನುಯೆಲ್ ಮತ್ತು ಅವನ ಇಬ್ಬರು ತಂಗಿಯರು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. 1985ರಲ್ಲಿ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. 1986ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, ಗೌರವದಿಂದ ನಿಂತವರು ಹಾಡಲೇಬೇಕೆಂಬ ಕಾನೂನು ಇಲ್ಲ ಎಂದು ಮಕ್ಕಳ ಪರ ತೀರ್ಪು ಕೊಟ್ಟಿತು. ಈ ತೀರ್ಪನ್ನು ನಾನು ಹಲವು ಸಲ ಅಭಿಮಾನದಿಂದ ಉದಾಹರಿಸಿದ್ದೇನೆ. ಮಗಳ ಪ್ರಶ್ನೆಯ ನಂತರ ಅದರಲ್ಲೇ ಬೇರೊಂದು ಕಾಣತೊಡಗಿತು. ಕಿರಿಯವಳು ಐದನೇ ತರಗತಿಯವಳು. ಹಾಡದೆ ನಿಂತದ್ದು ಅವಳ ಆತ್ಮಸಾಕ್ಷಿಯೋ, ಅವಳ ಅಪ್ಪನದ್ದೋ? ಶಾಲೆಯಿಂದ ಅವಳನ್ನು ಕಾಪಾಡಲು ಕೋರ್ಟು ಇತ್ತು. ಅವಳಿಗೇ ಹಾಡಬೇಕು ಅನ್ನಿಸಿದ್ದರೆ ಎಲ್ಲಿಗೆ ಹೋಗಬೇಕಿತ್ತು?

ಕರಾವಳಿಗೆ ಇದು ಹೊಸ ಪ್ರಶ್ನೆಯಲ್ಲ. 1844ರ ಜನವರಿಯಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದ. ಊರಲ್ಲಿ ಕೋಲಾಹಲವೆದ್ದಿತು. ಆಮೇಲೆ ಆತ ಬಾಸೆಲ್‌ಗೆ ಹೋಗಿ ಓದಿ ಪಾದ್ರಿಯಾಗಿ ಮರಳಿದ. ಮಿಷನ್ನಿನವರಿಗೆ ಅದು ಆತ್ಮವೊಂದರ ಸ್ವತಂತ್ರ ನಿರ್ಧಾರ, ಮನೆಯವರಿಗೆ ಓದಲು ಕಳಿಸಿದ ಮಗನ ಅಪಹರಣ. ನಮ್ಮ ಕಡೆಯ ಪುಸ್ತಕಗಳಲ್ಲಿ ಈ ಕತೆ ಸಂಭ್ರಮದಿಂದಲೇ ಬರುತ್ತದೆ. ಮಗ ಬಿಟ್ಟುಹೋದ ಆ ಮನೆಯನ್ನು ನಾನು ಇತ್ತೀಚಿನವರೆಗೆ ಊಹಿಸಿಕೊಂಡವಳೂ ಅಲ್ಲ. ನನ್ನ ಮಗಳು ಇನ್ನು ನಾಲ್ಕೈದು ವರ್ಷಕ್ಕೆ ಅದೇ ವಯಸ್ಸಿನವಳಾಗುತ್ತಾಳೆ. ಅವಳು ಬಾಗಿಲು ದಾಟಿ ಹೊರಟರೆ ನಾನೂ ಅದನ್ನು ಆತ್ಮದ ಸ್ವಾತಂತ್ರ್ಯ ಎನ್ನುತ್ತೇನೆಯೇ?

ನಮ್ಮ ಸಭೆಯ ಬೋಧನೆಯಾದರೂ ನುಣುಚಿಕೊಳ್ಳಲು ಬಿಡುವುದಿಲ್ಲ. 1965ರ ಡಿಸೆಂಬರ್‌ನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆ ಎರಡು ಮಾತು ಹೇಳುತ್ತದೆ. ತಂದೆತಾಯಿಯ ನಂಬಿಕೆಗೆ ಒಪ್ಪದ ಪಾಠಕ್ಕೆ ಮಕ್ಕಳನ್ನು ಬಲವಂತವಾಗಿ ಕೂರಿಸುವುದು ಆ ತಂದೆತಾಯಿಯ ಹಕ್ಕಿನ ಉಲ್ಲಂಘನೆ. ಮತ್ತೊಂದು, ವಿಶ್ವಾಸ ಎಂಬುದು ಸ್ವಭಾವತಃ ಸ್ವತಂತ್ರವಾದ ಕ್ರಿಯೆ, ಯಾರನ್ನೂ ಬಲವಂತದಿಂದ ನಂಬಿಸಲಾಗದು. ಮೊದಲನೆಯದನ್ನು ಹಿಡಿದು ಶಾಲೆಯಲ್ಲಿ ವಾದಿಸಿದೆ. ಎರಡನೆಯದು ನನ್ನದೇ ಅಡುಗೆಮನೆಗೆ ಬಂದು ನಿಂತಿದೆ.

ಹಾಗೆಂದು ಮಕ್ಕಳಿಗೆ ಏನನ್ನೂ ಕಲಿಸದೆ ಬೆಳೆಸಿ, ದೊಡ್ಡವರಾದ ಮೇಲೆ ಆರಿಸಿಕೊಳ್ಳಲಿ ಎನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ನಾನು ಅವಳಿಗೆ ಮಲಯಾಳಂ ಕಲಿಸುವಾಗ ಅವಳನ್ನು ಕೇಳಿರಲಿಲ್ಲ. ತುಳುವನ್ನು ಅವಳು ನನ್ನನ್ನು ಕೇಳದೆ ಅಂಗಳದಲ್ಲಿ ಕಲಿತಳು. ಪ್ರಾರ್ಥನೆಯೂ ಹಾಗೆ ಮನೆಯ ಒಂದು ಭಾಷೆ, ಕಲಿಸಿದರೆ ತಾನೇ ಅದರಲ್ಲಿ ಮಾತಾಡುವುದೋ ಬೇಡವೋ ಎಂದು ಅವಳು ನಿರ್ಧರಿಸುವುದು? ನನ್ನ ತಕರಾರು ಕಲಿಸುವುದರ ಮೇಲಲ್ಲ. ಹದಿನಾಲ್ಕರ ಹುಡುಗಿ ಯಾಕೆ ಎಂದು ಕೇಳಿದಾಗ ಉತ್ತರ ಕೊಡದೆ ಜಡೆ ಬಿಗಿದೆನಲ್ಲ, ಅದರ ಮೇಲೆ.

ಆ ಭಾನುವಾರ ಅವಳು ಹೋದಳು. ಮುಂದಿನ ವಾರ ತರಗತಿಯ ನೋಂದಣಿ ಅರ್ಜಿ ಬಂತು, ಕೆಳಗೆ ಪೋಷಕರ ಸಹಿಗೆ ಮಾತ್ರ ಒಂದು ಗೆರೆ. ನಾನು ಸಹಿ ಹಾಕಿ, ಅದರ ಕೆಳಗೆ ಪೆನ್ನಿನಲ್ಲಿ ಇನ್ನೊಂದು ಗೆರೆ ಎಳೆದು ಅವಳಿಗೆ ಕೊಟ್ಟೆ. ಓದಿ ನೋಡಿದಳು. "ಇದು ತಮಾಷೆಗಾ?" ಎಂದಳು. ಅಲ್ಲ ಎಂದೆ. "ಹಾಕದಿದ್ದರೆ?" "ಸಿಸ್ಟರಿನ ಹತ್ತಿರ ನಾನು ಮಾತಾಡುತ್ತೇನೆ." ಸ್ವಲ್ಪ ಹೊತ್ತು ಸುಮ್ಮನಿದ್ದು, ಯೋಚನೆ ಮಾಡಬೇಕು ಎಂದು ಅರ್ಜಿಯನ್ನು ಫ್ರಿಜ್ಜಿನ ಮೇಲಿಟ್ಟಳು. ತರಗತಿಗೆ ಹೋಗುತ್ತಿದ್ದಾಳೆ, ಅರ್ಜಿ ಇನ್ನೂ ಅಲ್ಲೇ ಇದೆ. ಸಿಸ್ಟರು ಎರಡು ಸಲ ಕೇಳಿದರು, ತರುತ್ತೇವೆ ಎಂದಿದ್ದೇನೆ.