ಬ್ಯಾಟ್ ಇದ್ದವನದ್ದೇ ಆಟವಾ?

ಉಜಿರೆ ಪಕ್ಕದ ನಮ್ಮೂರಲ್ಲಿ ಕೊಯ್ಲು ಮುಗಿದ ಗದ್ದೆಯೇ ಕ್ರಿಕೆಟ್ ಮೈದಾನ. ಬ್ಯಾಟ್ ಇದ್ದದ್ದು ಒಬ್ಬನ ಹತ್ತಿರ ಮಾತ್ರ. ಔಟಾದರೆ ಅವನು ಒಪ್ಪುತ್ತಿರಲಿಲ್ಲ. ಜಗಳ ಮಾಡಿದರೆ ಬ್ಯಾಟ್ ಹೆಗಲಿಗೇರಿಸಿ ಮನೆಗೆ ಹೊರಟುಬಿಡುತ್ತಿದ್ದ. ಅವನನ್ನು ಬೈಯದ ದಿನವಿಲ್ಲ. ಮೂವತ್ತು ದಾಟಿದ ಮೇಲೆ ನಾನೇ ಅವನಾಗ್ತೇನೆ ಅಂತ ಯಾರಿಗೆ ಗೊತ್ತಿತ್ತು!

2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪ್ ಹೊತ್ತುಕೊಂಡು ಊರಿಗೆ ಬಂದಿದ್ದೆ. ಮಳೆಗಾಲ. ಡೇಟಾ ಬೇಕಾದರೆ ಗುಡ್ಡ ಹತ್ತಬೇಕು. ಶಾಲೆಯಿಲ್ಲದೆ ಅಕ್ಕನ ಮಗ, ಪಕ್ಕದ ಮನೆಯ ಮೂರು ಮಕ್ಕಳು ನಮ್ಮ ಜಗಲಿಯಲ್ಲೇ ಬೀಡುಬಿಟ್ಟಿದ್ದರು. ನನ್ನ ಫೋನಿನಲ್ಲಿ ಹಾಟ್‌ಸ್ಪಾಟ್ ಹಾಕಿ, ಮೈನ್‌ಕ್ರಾಫ್ಟಿನಲ್ಲಿ ಒಂದು ಲೋಕ ತೆರೆದುಕೊಟ್ಟೆ. ಅವರು ಮನೆಯವರ ಫೋನುಗಳಿಂದ ಅದರೊಳಗೆ ಬಂದರು. ಇದಕ್ಕೆ ಇಂಟರ್ನೆಟ್ ಬೇಡ, ವೈಫೈಯಲ್ಲಿ ಫೋನುಗಳು ತಮ್ಮೊಳಗೇ ಮಾತಾಡಿಕೊಳ್ಳುತ್ತವೆ. ದೂರದವರನ್ನು ಸೇರಿಸುವುದು ಮಾತ್ರ ಕಷ್ಟ. ಮೊಬೈಲ್ ನೆಟ್‌ವರ್ಕಿನಲ್ಲಿ ಹೆಚ್ಚಾಗಿ ಒಂದೇ ಐಪಿ ವಿಳಾಸವನ್ನು ತುಂಬಾ ಫೋನುಗಳು ಹಂಚಿಕೊಂಡಿರುತ್ತವೆ, ಹೊರಗಿನಿಂದ ನೇರ ಬಂದು ಬಾಗಿಲು ತಟ್ಟಲು ಆಗುವುದಿಲ್ಲ. ಜಗಲಿಯ ಆಟಕ್ಕೆ ಆ ತೊಂದರೆಯಿಲ್ಲ.

ಮೂರು ತಿಂಗಳಲ್ಲಿ ಅವರು ಅಡಿಕೆ ತೋಟ, ಕೆರೆ, ತಲೆಗೊಂದು ಮನೆ ಕಟ್ಟಿದರು. ಎಲ್ಲವೂ ಇದ್ದದ್ದು ನನ್ನ ಫೋನಿನಲ್ಲಿ. ಅವರು ಅಗೆದು ಚೀಲಕ್ಕೆ ಹಾಕಿಕೊಂಡ ವಜ್ರವೂ ಇಲ್ಲೇ. ನನಗೆ ಮ್ಯಾನೇಜರ್ ಕರೆ ಬಂತೋ, ಆಟ ಹಿಂದೆ ಸರಿದು ನಾಲ್ಕೂ ಜನ ಹೊರಗೆ. ರಾತ್ರಿಯನ್ನು ಹಗಲು ಮಾಡುವುದು, ತಂಟೆ ಮಾಡಿದವರನ್ನು ಹೊರಗೆ ಹಾಕುವುದು, ಎಲ್ಲ ನನ್ನ ಕೈಯಲ್ಲಿ. ಸುಳ್ಳು ಹೇಳುವುದಿಲ್ಲ, ನನಗೆ ಅದು ಖುಷಿಯಾಗುತ್ತಿತ್ತು.

ದೀಪಾವಳಿಗೆ ಹೊಸ ಫೋನ್ ಬಂತು. ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಡುವ ಮೊದಲು ಫೋಟೋ, ನಂಬರ್ ಎಲ್ಲ ಜಾಗ್ರತೆಯಾಗಿ ತೆಗೆದಿಟ್ಟುಕೊಂಡೆ. ಉಳಿದದ್ದನ್ನು ಅಳಿಸಿದೆ. ಮಕ್ಕಳ ಲೋಕ ‘ಉಳಿದದ್ದರಲ್ಲಿ’ ಇತ್ತು.

"ಮಾಮ, ನಮ್ಮ ತೋಟ ಎಲ್ಲಿ?" ಪಕ್ಕದ ಮನೆಯ ಹುಡುಗಿ ಕೇಳಿದಳು.

"ಹೋಯ್ತು ಮಾರಾಯ್ತಿ. ಬೇರೆ ಮಾಡುವ."

"ಅದು ನಾವು ಕಟ್ಟಿದ್ದಲ್ವಾ? ನಮ್ಮತ್ರ ಒಂದು ಮಾತು ಕೇಳಬಹುದಿತ್ತು."

ಫೋನ್ ನನ್ನದು, ಬ್ಯಾಟರಿ ನನ್ನದು, ಉಳಿಸಿಡ್ತೇನೆ ಅಂತ ನಾನು ಯಾರಿಗೂ ಮಾತು ಕೊಟ್ಟಿರಲಿಲ್ಲ. ಜಗಲಿಯಲ್ಲಿ ಕೂತವರಿಗೆಲ್ಲ ಮನೆಯಲ್ಲಿ ಪಾಲುಂಟಾ? ಇಲ್ಲ. ಆದರೆ ಅವರು ಬರೀ ಕೂತಿರಲಿಲ್ಲ, ದುಡಿದಿದ್ದರು. ನಮ್ಮ ಜಿಲ್ಲೆಗೆ ಈ ಪ್ರಶ್ನೆ ಹೊಸತಲ್ಲ. 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ಜಾರಿಗೆ ಬಂದು ಗೇಣಿ ಒಕ್ಕಲುಗಳು ಡಿಕ್ಲರೇಷನ್ ಕೊಟ್ಟಾಗ ಎದ್ದ ಪ್ರಶ್ನೆಯೂ ಇದೇ: ಪಟ್ಟೆ ಇದ್ದವನದ್ದೋ, ಬೆವರು ಸುರಿಸಿದವನದ್ದೋ? ನಾಲ್ಕು ಮಕ್ಕಳ ಆಟಕ್ಕೆ ಅಷ್ಟು ದೊಡ್ಡ ಹೋಲಿಕೆ ಯಾಕೆ ಅಂತ ನೀವು ನಗಬಹುದು. ಅಲ್ಲಿ ಹೊಟ್ಟೆಪಾಡಿನ ಮಾತಿತ್ತು, ಒಪ್ಪಿದೆ. ಆದರೆ ಭೂಮಿಯಲ್ಲಿ ಒಬ್ಬನಿಗೆ ಕೊಟ್ಟರೆ ಇನ್ನೊಬ್ಬನಿಗೆ ಕಮ್ಮಿಯಾಗುತ್ತದೆ. ಇಲ್ಲಿ ಹಾಗಲ್ಲ. ‘ಎಕ್ಸ್‌ಪೋರ್ಟ್’ ಒತ್ತಿದರೆ ಇಡೀ ಲೋಕ ಒಂದು ಫೈಲ್ ಆಗಿ ಬರುತ್ತದೆ, ನಾಲ್ಕು ಜನರಿಗೆ ಕೊಟ್ಟರೂ ನನ್ನದು ನನ್ನಲ್ಲೇ ಇರುತ್ತದೆ. ಎರಡು ನಿಮಿಷದ ಕೆಲಸ. ಕೊಡದೆ ಇದ್ದದ್ದಕ್ಕೆ ನನ್ನ ಹತ್ತಿರ ಕಾರಣವೇ ಇಲ್ಲ. ಆಫೀಸಿನಲ್ಲಿ ಬ್ಯಾಕಪ್ ತೆಗೆಯದೆ ಸರ್ವರ್ ಮುಟ್ಟದವ, ಇಲ್ಲಿ ಯೋಚನೆಯನ್ನೂ ಮಾಡಲಿಲ್ಲ. ಯಾಕೆಂದರೆ ಇಲ್ಲಿ ಕೇಳುವವರು ಮಕ್ಕಳು.

ಫೋನ್ ನನ್ನದೇ. ಆಟ ನಿಲ್ಲಿಸುವ ಹಕ್ಕೂ ನನ್ನದಿರಬಹುದು. ಅವರು ಕಟ್ಟಿದ್ದನ್ನು ಅವರ ಕೈಗೆ ಕೊಡದೆ ಅಳಿಸುವ ಹಕ್ಕು ಮಾತ್ರ ನನಗಿರಲಿಲ್ಲ.

ಮುಂದಿನ ರಜೆಗೆ ಹೋದಾಗ ಅವರು ಆ ಹುಡುಗಿಯ ಮನೆಯ ಫೋನಿನಲ್ಲಿ ಹೊಸ ಲೋಕ ಮಾಡಿದ್ದರು. ನನ್ನನ್ನೂ ಸೇರಿಸಿಕೊಂಡರು, ಕೆರೆಯ ಬದಿ ಸ್ವಲ್ಪ ಜಾಗ ಸಿಕ್ಕಿತು. ಅಷ್ಟರಲ್ಲಿ ಅವಳ ಅಮ್ಮ ಫೋನ್ ಕೇಳಿಕೊಂಡು ಬಂದರು.

"ಎರಡು ನಿಮಿಷ ನಿಲ್ಲಮ್ಮ," ಅಂದಳು ಹುಡುಗಿ, "ಎಲ್ಲರಿಗೂ ಕಳಿಸಿ ಕೊಡ್ತೇನೆ."