ಚಿಕ್ಕ ಗುರುತಿನ ದೊಡ್ಡ ಜಗಳ

ಕಂಪ್ಯೂಟರಿಗೆ ಕೆಲಸ ಹೇಳಲು ಬರೆಯುವ ಭಾಷೆಗಳಲ್ಲಿ ಒಂದು ಹಳೇ ಜಗಳವಿದೆ. ಒಂದು ಸಾಲಿನ ಮಾತನ್ನು ಎರಡು ಗೆರೆ, ಎರಡು ಚುಕ್ಕೆಯಲ್ಲಿ ಮುಗಿಸುವ ಗುರುತುಗಳು ಬೇಕೆ, ಬೇಡವೆ? ಎಣಿಕೆಗೆ ಒಂದು ಸೇರಿಸು ಎನ್ನಲು ++. ಹೀಗಿದ್ದರೆ ಇದು, ಇಲ್ಲದಿದ್ದರೆ ಅದು ಎನ್ನಲು ಒಂದು ಪ್ರಶ್ನೆಚಿಹ್ನೆ, ಒಂದು ಜೋಡಿಚುಕ್ಕೆ. ಬಲ್ಲವನಿಗೆ ಬೆರಳ ಶ್ರಮ ಉಳಿಯುತ್ತದೆ. ಹೊಸಬನಿಗೆ?

ಇದು ಇಂಜಿನಿಯರುಗಳ ಹರಟೆ, ನಮಗ್ಯಾಕೆ ಎಂದು ಗೆಳೆಯರು ಪುಟ ತಿರುವಬಾರದು. ತೆರಕಣಾಂಬಿ ಹೋಬಳಿಯ ಒಬ್ಬ ರೈತನ ಪಹಣಿಯನ್ನೋ ಕ್ರಯಪತ್ರವನ್ನೋ ಬಿಚ್ಚಿ ನೋಡಿ. ವಿಸ್ತೀರ್ಣ 2.20 ಎಂದಿದೆ ಅಂದುಕೊಳ್ಳಿ. "ಇದ್ರಲ್ಲಿ ಏನ್ ಬರ್ದದ ಓದೇಳವ್ವ" ಎಂದು ಅಪ್ಪ ಕೇಳಿದರೆ, ಶಾಲೆಯಲ್ಲಿ ದಶಮಾಂಶ ಕಲಿತ ಮಗಳು ಎರಡು ಎಕರೆ, ಮೇಲೆ ಐದರಲ್ಲೊಂದು ಪಾಲು ಎನ್ನುತ್ತಾಳೆ. ಅಲ್ಲ. ಅದು ಎರಡು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆ, ಅಂದರೆ ಎರಡೂವರೆ ಎಕರೆ. ಹನ್ನೆರಡು ಗುಂಟೆ ಒಂದು ಚುಕ್ಕೆಯೊಳಗೆ ಮಾಯ! ಇನ್ನು ಎ ಖರಾಬು, ಬಿ ಖರಾಬು. ಎ ಎಂದರೆ ಸಾಗುವಳಿಗೆ ಬಾರದ ನೆಲ. ಬಿ ಎಂದರೆ ದಾರಿ, ಹಳ್ಳ ಮುಂತಾಗಿ ಸಾರ್ವಜನಿಕರಿಗೆಂದು ಬಿಟ್ಟ ನೆಲ. ಕೇರಿಗೆ ಹೋಗುವ ಬಂಡಿದಾರಿಗೆ ಬೇಲಿ ಬಿದ್ದ ದಿನ ಆ ಒಂದಕ್ಷರವನ್ನು ಓದಬಲ್ಲವರು ಬೇಕು.

ಶ್ಯಾನುಭೋಗರ ಲೆಕ್ಕದಲ್ಲಿ ಕಾಲು, ಅರೆ, ಮುಕ್ಕಾಲಿಗೆ ನಿಂತ ಗೆರೆ, ವೀಸಕ್ಕೆ ಮಲಗಿದ ಗೆರೆ. ಜಾಣತನದ ಗುರುತುಗಳೇ, ಇಲ್ಲವೆನ್ನುವುದಿಲ್ಲ. 2009ರಲ್ಲಿ ಯೂನಿಕೋಡಿಗೂ ಸೇರಿದವು. ಆದರೆ ಅವನ್ನು ಓದುವ ಹುದ್ದೆ ವಂಶದಿಂದ ವಂಶಕ್ಕೆ ಇಳಿಯುತ್ತಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ಆ ವಂಶದ ಹಕ್ಕನ್ನು ತೆಗೆಯಿತು. 2000ದ ಸುಮಾರಿಗೆ 'ಭೂಮಿ' ಯೋಜನೆ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿತು. ಅಕ್ಷರ ದುಂಡಗಾಯಿತು. ಚುಕ್ಕೆ ಹಾಗೇ ಉಳಿಯಿತು.

ಹಾಗಾದರೆ ಗುರುತುಗಳನ್ನೆಲ್ಲ ಸುಟ್ಟುಬಿಡೋಣವೆ? ಹಾಲು ಹಾಕುವ ಅವ್ವ ಗೋಡೆ ಮೇಲೆ ಇದ್ದಿಲಲ್ಲಿ ಗೆರೆ ಎಳೆಯುತ್ತಾಳೆ. ಅದೂ ಗುರುತೇ. ಹಾಲು ಕೊಂಡವಳೂ ಅದನ್ನು ಎಣಿಸಬಲ್ಲಳು. ತಿಂಗಳ ಕೊನೆಗೆ ಜಗಳವಾದರೆ ಇಬ್ಬರೂ ಗೋಡೆ ಮುಂದೆ ನಿಲ್ಲಬಹುದು.

ಗುರುತು ಬೇಡ, ಸರಳ ಮಾತಲ್ಲೇ ಬರೆಯೋಣ ಎಂದವರೂ ಇದ್ದಾರೆ. 1959-60ರಲ್ಲಿ ಹುಟ್ಟಿದ ಕೋಬಾಲ್ ಭಾಷೆ ಕೂಡು, ಕಳೆ ಎಂಬುದನ್ನೂ ಪದಗಳಲ್ಲೇ ಬರೆಸಿತು. ಸರಳ, ಯಾರಿಗೆ? ಆ ಪದಗಳೆಲ್ಲ ಇಂಗ್ಲಿಷು. ಕನ್ನಡ ಮಾಧ್ಯಮದ ನಮ್ಮ ಹುಡುಗಿಗೆ 'ಇಫ್' ಎನ್ನುವುದು ಪ್ರಶ್ನೆಚಿಹ್ನೆಯಷ್ಟೇ ಹೊರಗಿನದು. + ಗುರುತಾದರೋ ಅವಳದೂ ಹೌದು, ಅಮೆರಿಕದವನದೂ ಹೌದು. ಒಂದನೇ ತರಗತಿಯ ಕಪ್ಪುಹಲಗೆ ಅದನ್ನು ಇಬ್ಬರಿಗೂ ಕೊಟ್ಟಿದೆ. ಎಪಿಎಲ್ ಎಂಬ ಗುರುತುಗಳದೇ ಭಾಷೆ ಕಟ್ಟಿದ ಕೆನೆತ್ ಐವರ್ಸನ್, ಒಳ್ಳೆಯ ಗುರುತು ಯೋಚನೆಗೆ ಉಪಕರಣ ಎಂದು ವಾದಿಸಿದರು. ಅರ್ಧ ಒಪ್ಪುತ್ತೇನೆ. ಅವರ ಗುರುತು ಒತ್ತಲು ಬೇರೆಯದೇ ಕೀಲಿಮಣೆ ಬೇಕಾಗಿತ್ತು. ಅದನ್ನು ಕೊಳ್ಳಬಲ್ಲವರು ಎಷ್ಟು ಮಂದಿ?

ಜಗಳ ಇನ್ನೂ ಆರಿಲ್ಲ. ಸ್ವಿಫ್ಟ್ ಭಾಷೆ 2016ರಲ್ಲಿ ++ ಅನ್ನು ಕೈಬಿಟ್ಟಿತು. ಪೈಥಾನಿಗೆ := ಎಂಬ ಗುರುತು ಸೇರಿಸುವ ಮಾತು ಎಷ್ಟು ಕಾವೇರಿತೆಂದರೆ, ಅದನ್ನು ಒಪ್ಪಿದ ಮೇಲೆ 2018ರ ಜುಲೈನಲ್ಲಿ ಆ ಭಾಷೆಯ ಜನಕ ಗೀಡೋ ವಾನ್ ರಾಸಮ್ ಮುಂದಾಳುತನವನ್ನೇ ಬಿಟ್ಟರು.

ನನ್ನ ತಕರಾರು ಗುರುತು ಗಿಡ್ಡವೆಂದಲ್ಲ. ಪ್ರೋಗ್ರಾಮನ್ನು ಬರೆಯುವುದು ಒಂದು ಸಲ, ಓದುವುದು ಹತ್ತಾರು ಸಲ. ಬರೆದವನು ಊರು ಬಿಟ್ಟಿರುತ್ತಾನೆ. ಮುದುಕಿಯ ಹೆಸರು ಪಿಂಚಣಿ ಪಟ್ಟಿಯಿಂದ ಯಾಕೆ ಬಿತ್ತೆಂದು ಹುಡುಕುವವಳು ನಿನ್ನೆ ಕೆಲಸಕ್ಕೆ ಸೇರಿದ ಹುಡುಗಿ. "ಇದೇನು?" ಎಂದು ಕೇಳಿದರೆ "ಇಷ್ಟೂ ಗೊತ್ತಿಲ್ವಾ" ಎನ್ನುವ ನಗು ಇದೆಯಲ್ಲ, ಅದು ನಮಗೆ ಹಳೇ ಪರಿಚಯ. ಆ ನಗುವಿನ ಬಲದಲ್ಲಿ ನಿಂತ ಗುರುತು ನನಗೆ ಬೇಡ.

ಮೇಷ್ಟ್ರುಗಳು ಒಂದು ಕೆಲಸ ಮಾಡಬಹುದು. ಗುರುತನ್ನು ಹಲಗೆ ಮೇಲೆ ಬರೆದು ಮಕ್ಕಳಿಂದ ಅವರ ಮಾತಲ್ಲೇ ಹೇಳಿಸುವುದು. ಹೇಳಲು ಬಾರದ್ದನ್ನು ಅಳಿಸಿ ಉದ್ದಕ್ಕೇ ಬರೆಯುವುದು. ++ ಸುಲಭ: "ಒಂದ್ ಜಾಸ್ತಿ ಮಾಡು." ಆ ಜಗಳಗಂಟ := ಕೂಡ ನಮ್ಮ ಕಡೆ ಮಾತಿಗೆ ಬಗ್ಗುತ್ತದೆ: "ಇಟ್ಕ, ಇಟ್ಕಂಡು ನೋಡು."